ಅಷ್ಟೋತ್ತರ ಬಸ್ಕಿ

ಕನಕಲಕ್ಷ್ಮಿ: ಕೂತ್ಕೊಂಡು ಕುಡೀರಿ ಅಂದೆ.

ಯೋಗಾನರಸಿಂಹ: ಯಾಕೆ, ನಿಂತ್ಕೊಂಡ್ರೆ ಕಾಫಿ ಗಂಟಲಲ್ಲಿ ಇಳಿಯಲ್ವೇನು?

ಕನಕಲಕ್ಷ್ಮಿ: ಕಾಫಿ ಇಳಿಯತ್ತೆ. ಇಳಿಯೋಕೆ ಆಗದೇ ಇರೋದು ನಿಮಗೆ. ಬೆಳಿಗ್ಗೆಯಿಂದ ಆ ಕಂಬಾನ ತಬ್ಕೊಂಡು ನಿಂತಿದೀರಿ.

ಯೋಗಾನರಸಿಂಹ: ತಬ್ಕೊಂಡಿಲ್ಲ ಕಣೇ. ಒರಗಿದೀನಿ.

ಕನಕಲಕ್ಷ್ಮಿ: ಒರಗಿದೋರು ಕೈ ಬಿಟ್ಟು ತೋರಿಸಿ, ನೋಡೋಣ.

ಯೋಗಾನರಸಿಂಹ ಕೈ ಬಿಡಲಿಲ್ಲ. ಬಿಡುವಷ್ಟು ದಡ್ಡರೂ ಅಲ್ಲ. ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ ಮೂವತ್ತೆಂಟು ವರ್ಷದಿಂದ ಪೌರೋಹಿತ್ಯ ಮಾಡಿಕೊಂಡು ಬಂದವರು. ಈಗ ಆರು ತಿಂಗಳಿಂದ ಮಾತ್ರ ಅವರ ಮಂಡಿಗಳು ಹರತಾಳ ಹೂಡಿದ್ದವು. ಪೂಜೆಗೆ ಮಣೆಯ ಮೇಲೆ ಕೂರುವುದು ಹೇಗೋ ಆಗುತ್ತಿತ್ತು. ಏಳುವಾಗ ಮಾತ್ರ ಆ ಕಡೆ ಒಬ್ಬ, ಈ ಕಡೆ ಒಬ್ಬ ರಟ್ಟೆ ಹಿಡಿದು ಎತ್ತಬೇಕು. ಊರವರು ಸುಮ್ಮನಿರುತ್ತಾರೆಯೇ? 'ಇಬ್ಬರಾಳಿನ ಪುರೋಹಿತರು' ಎಂದು ಹೆಸರಿಟ್ಟರು. ಆ ಹೆಸರು ಕಿವಿಗೆ ಬಿದ್ದ ಮಾರನೆಯ ದಿನವೇ ಅವರು ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಕುಮಾರ್ ಛತ್ರದಲ್ಲಿ ನಡೆಸುವ ಬೆಳಗಿನ ವ್ಯಾಯಾಮದ ಕ್ಲಾಸಿಗೆ ಸೇರಿಕೊಂಡರು. ಅದಾಗಿ ಮೂರು ವಾರ.

ಕನಕಲಕ್ಷ್ಮಿ: ಹತ್ತು ಗಂಟೆಗೆ ನಂಜಪ್ಪಗೌಡ್ರ ಮನೇಲಿ ಸತ್ಯನಾರಾಯಣ ಪೂಜೆ. ಅಲ್ಲೂ ಹೀಗೇ ನಿಂತಿರ್ತೀರಾ? ಅವರದು ಹೊಸ ಮನೆ ಕಣ್ರೀ. ಹಜಾರದಲ್ಲಿ ಒಂದು ಕಂಬಾನೂ ಇಲ್ಲ.

ಯೋಗಾನರಸಿಂಹ: ಹೋಗೋ ಹೊತ್ತಿಗೆ ಸರಿಹೋಗತ್ತೆ.

ಕನಕಲಕ್ಷ್ಮಿ: ಗೌಡ್ರ ಹೆಂಡತಿ ಪುಟ್ಟತಾಯಮ್ಮ ದೇವಸ್ಥಾನದಲ್ಲಿ ಸಿಕ್ಕಿ ಏನಂದ್ರು ಗೊತ್ತಲ್ಲ? 'ನೋಡಿ ಅಮ್ಮಾವ್ರೆ, ಈ ಸಲಾನೂ ಐನೋರ್ನ ಎತ್ತಕ್ಕೆ ಆಳು ಬೇಕಾದ್ರೆ, ಮುಂದಿನ್ ಸಲದಿಂದ ಹಾಸನದ ಕೇದಾರ್ ಅವ್ರೇ ಗತಿ' ಅಂದ್ರು. ಬೈಕಲ್ಲಿ ಬರ್ತಾನಂತೆ. ಮಣೆಯಿಂದ ಚಿಮ್ಮಿ ಏಳ್ತಾನಂತೆ.

ಯೋಗಾನರಸಿಂಹ: ಪುರೋಹಿತನಾದವನು ಚಿಮ್ಮೋದು ಯಾಕೆ? ಅವನೇನು ಕಪ್ಪೆಯೇ?

ಕನಕಲಕ್ಷ್ಮಿ: ನೀವು ತಮಾಷೆ ಮಾಡ್ಕೊಂಡಿರಿ. ನಂಜಪ್ಪಗೌಡ್ರು ಹೋದ್ರೆ ಹಳ್ಳಿಮೈಸೂರು ಕಡೆಯ ಅವರ ನೆಂಟರ ಮನೆಗಳೆಲ್ಲ ಹೋದ ಹಾಗೇ.

ಯೋಗಾನರಸಿಂಹ: ಗೊತ್ತು ಕಣೇ. ರಾತ್ರಿ ನಿದ್ದೆ ಬಂದಿಲ್ಲ ನನಗೆ.

ಕನಕಲಕ್ಷ್ಮಿ: ಭಯಕ್ಕೋ, ನೋವಿಗೋ?

ಯೋಗಾನರಸಿಂಹ: ಮಗ್ಗುಲು ತಿರುಗೋಕೇ ಆಗಲಿಲ್ಲ. ಭಯಕ್ಕೆ ಪುರುಸೊತ್ತು ಎಲ್ಲಿತ್ತು?

ಅಷ್ಟರಲ್ಲಿ ಕುಮಾರ್ ಬಂದ. ಚನ್ನರಾಯಪಟ್ಟಣದಲ್ಲಿ ಜಿಲ್ಲಾ ಮಟ್ಟದ ಕ್ರೀಡಾಕೂಟ ಮುಗಿಸಿಕೊಂಡು ಮೊದಲನೇ ಬಸ್ಸಿಗೆ ಬಂದವನು, ಕುತ್ತಿಗೆಯ ಸೀಟಿ ಕೂಡ ತೆಗೆದಿರಲಿಲ್ಲ. ಜಗಲಿಯ ಮೂರು ಮೆಟ್ಟಿಲನ್ನು ಒಂದೇ ನೆಗೆತಕ್ಕೆ ಹತ್ತಿದ. ಅದನ್ನು ನೋಡಿಯೇ ಯೋಗಾನರಸಿಂಹರ ತೊಡೆ ನೊಂದಿತು.

ಕುಮಾರ್: ಸ್ವಾಮಿ, ಛತ್ರದಲ್ಲಿ ಒಬ್ರೂ ಇಲ್ಲ! ಹದಿನೆಂಟು ಜನ ಬರೋ ಕ್ಲಾಸು, ಇವತ್ತು ಬರೀ ಚಾಪೆ. ಪರಮಶಿವಯ್ಯನೋರ ಮನೆಗೆ ಹೋದ್ರೆ ಕಿಟಕಿಯಿಂದಾನೇ ಮಾತಾಡಿಸಿ ಕಳಿಸಿದ್ರು. ರಾಮಣ್ಣನೋರು ಮೆಟ್ಲು ಇಳಿಯಕ್ಕೆ ಮುಖ ಗೋಡೆ ಕಡೆ ಮಾಡ್ಕೊಂಡು ಹಿಂದಿಂದಕ್ಕೇ ಬರ್ತಿದ್ರು. ಒಂದಿನ ನಾನಿಲ್ಲ ಅಂದ್ರೆ ಏನಾಯ್ತು ಊರಿಗೆ?

ಕನಕಲಕ್ಷ್ಮಿ: ಅಷ್ಟೋತ್ತರ ಆಯ್ತು.

ಕುಮಾರ್: ಅಂದ್ರೆ?

ಕನಕಲಕ್ಷ್ಮಿ: ನಿನ್ನ ಶಿಷ್ಯೋತ್ತಮರನ್ನೇ ಕೇಳು. ಕಂಬದ ಹತ್ರ ಇದಾರೆ.

ಕುಮಾರ್: ಸ್ವಾಮಿ, ನೀವು ಹಿರಿಯರು, ನಿಂತು ನೋಡ್ಕೊಳ್ಳಿ ಅಂತ ನಿಮಗೆ ವಹಿಸಿ ಹೋಗಿದ್ದೆ. ಏನು ಹೇಳಿದ್ದೆ ನಾನು?

ಯೋಗಾನರಸಿಂಹ: ಬಸ್ಕಿ ಹೊಡೆಸಿ ಅಂದಿದ್ದೆ. ಹೊಡೆಸಿದೆ.

ಕುಮಾರ್: ಎಷ್ಟು ಹೊಡೆಸಿ ಅಂದಿದ್ದೆ?

ಯೋಗಾನರಸಿಂಹ: ಹತ್ತು ಅಂದಿದ್ದೆ.

ಕುಮಾರ್: ಎಷ್ಟು ಹೊಡೆಸಿದ್ರಿ?

ಯೋಗಾನರಸಿಂಹ: ಹತ್ತು.

ಕನಕಲಕ್ಷ್ಮಿ: ಅದರ ಮೇಲೆ?

ಯೋಗಾನರಸಿಂಹ: ಅದರ ಮೇಲೆ ತೊಂಬತ್ತೆಂಟು.

ಕುಮಾರ್ ಬ್ಯಾಗನ್ನು ನೆಲಕ್ಕೆ ಹಾಕಿ ತಾನೂ ಕೂತುಬಿಟ್ಟ. ಅಷ್ಟು ಸುಲಭವಾಗಿ ಒಬ್ಬ ಮನುಷ್ಯ ನೆಲದ ಮೇಲೆ ಕೂರಬಹುದು ಎಂಬುದನ್ನು ಯೋಗಾನರಸಿಂಹ ಹೊಟ್ಟೆಕಿಚ್ಚಿನಿಂದ ನೋಡಿದರು.

ಕುಮಾರ್: ನೂರೆಂಟಾ! ನಮ್ಮ ಸ್ಕೂಲಿನ ಕಬಡ್ಡಿ ಹುಡುಗರಿಗೂ ನಾನು ನಲವತ್ತರ ಮೇಲೆ ಹೇಳಲ್ಲ ಸ್ವಾಮಿ. ಅಲ್ಲಿರೋರೆಲ್ಲ ಪೆನ್ಷನ್ನಿನೋರು!

ಯೋಗಾನರಸಿಂಹ: ನೀನಿದ್ರೆ ಸೀಟಿ ಊದಿ ಎಣಿಸ್ತಿದ್ದೆ, ಯಾರೂ ಬಾಯಿ ಬಿಡ್ತಿರಲಿಲ್ಲ. ನಿನ್ನೆ ನಾನು ಎಣಿಸ್ತಿದೀನಿ, ಪರಮಶಿವಯ್ಯ 'ಏಳಾಯ್ತು' ಅಂದ. ರಾಮಣ್ಣ 'ಆರು' ಅಂದ. ಪರಮಶಿವಯ್ಯ 'ನಾನು ಗಣಿತದ ಮೇಷ್ಟ್ರು' ಅಂದ. ರಾಮಣ್ಣ ಬಿಡ್ತಾನೆಯೇ? 'ನಾನು ಮೂವತ್ತು ವರ್ಷ ಬಸ್ಸಲ್ಲಿ ತಲೆ ಎಣಿಸಿದೋನು' ಅಂದ. ಇಬ್ಬರೂ ಅರ್ಧ ಬಗ್ಗಿಕೊಂಡೇ ಜಗಳಕ್ಕೆ ನಿಂತರು.

ಕುಮಾರ್: ಅದಕ್ಕೆ?

ಯೋಗಾನರಸಿಂಹ: ಅದಕ್ಕೆ ಅಂಕಿ ಸಹವಾಸವೇ ಬೇಡ, ನಾಮ ಹೇಳ್ತೀನಿ ಅಂದೆ. ನಾಮದಲ್ಲಿ ಯಾರೂ ತಕರಾರು ತೆಗೆಯೋಕಾಗಲ್ಲ. ಊರ ದೇವರು, ಲಕ್ಷ್ಮೀನರಸಿಂಹನ ಅಷ್ಟೋತ್ತರ. 'ನಾರಸಿಂಹಾಯ ನಮಃ' ಕೂತ್ಕೊಳ್ಳೋದು, ಏಳೋದು. 'ಮಹಾಸಿಂಹಾಯ ನಮಃ' ಕೂತ್ಕೊಳ್ಳೋದು, ಏಳೋದು. ಏನು ಶಿಸ್ತು ಅಂತೀಯ!

ಕುಮಾರ್: ಹತ್ತನೇ ನಾಮಕ್ಕೆ ನಿಲ್ಲಿಸಬಾರ್ದಾಗಿತ್ತಾ?

ಯೋಗಾನರಸಿಂಹ: ಅಷ್ಟೋತ್ತರ ಶುರು ಮಾಡಿ ಹತ್ತಕ್ಕೆ ಬಿಟ್ಟು ಎದ್ದು ಬರೋದಾ? ಉಗ್ರ ದೇವರು ಕಣಯ್ಯ! ಸಂಸಾರಸ್ಥರು ನಾವು!

ಕುಮಾರ್: ಯಾರಾದ್ರೂ ಸಾಕು ಅನ್ನಲಿಲ್ವಾ?

ಯೋಗಾನರಸಿಂಹ: ಐವತ್ತರ ಹೊತ್ತಿಗೆ ಎಲ್ಲರಿಗೂ ಅನ್ನಿಸಿತ್ತು. ಆದರೆ ಮೊದಲು ಅನ್ನೋರು ಯಾರು? ದೇವರ ಹೆಸರು ಸಾಕು ಅಂತ ಬಾಯಲ್ಲಿ ಬರತ್ತಾ? ಕಿಟಕಿ ಸರಳು ಹಿಡ್ಕೊಂಡು ಮುಗಿಸಿದ್ವಿ. ಆಮೇಲೆ ಅಷ್ಟೋತ್ತರ ಆದ ಮೇಲೆ ನೈವೇದ್ಯ ಆಗಬೇಕಲ್ಲ, ರಾಮಣ್ಣ ಬಾಳೆಹಣ್ಣು ತರಿಸಿದ. ತಲಾ ಎರಡು ತಿಂದು ಮನೆಗೆ ಬಂದ್ವಿ.

ಕುಮಾರ್: ಹತ್ತು ಹತ್ತರಂತೆ ಮೂರು ಸಲ, ನಡುವೆ ಸುಧಾರಿಸ್ಕೊಳ್ಳಿ ಅಂತಲೂ ಹೇಳಿದ್ದೆ.

ಯೋಗಾನರಸಿಂಹ: ಅದೂ ನೆನಪಿತ್ತು. ಬಾಕಿ ಎರಡು ಅಷ್ಟೋತ್ತರ ಇವತ್ತಿಗೆ ಇಟ್ಕೊಂಡಿದ್ವಿ.

ಕುಮಾರ್ ತಲೆಯ ಮೇಲೆ ಕೈ ಹೊತ್ತ. ಪಾಪ, ಅವನ ಕಷ್ಟ ಅವನಿಗೆ. ಒಂದು ವರ್ಷ ಟೇಪ್ ರೆಕಾರ್ಡರ್ ಹಾಕಿ, ಹದಿನೆಂಟು ಜನರಿಂದ ಕೈ ಬೀಸಿಸಿ, ಕತ್ತು ತಿರುಗಿಸಿ ಕಳಿಸುತ್ತಿದ್ದ. ಈಚೆಗೆ ಹಾಸನದಲ್ಲಿ ಒಂದು ತರಬೇತಿಗೆ ಹೋಗಿ ಬಂದ ಮೇಲೆ, ಬರೀ ಕೈ ಬೀಸುವುದು ಸಾಲದು, ಮೈಗೆ ಕಸುವು ಬರಬೇಕು ಎಂದು ಅದೇ ಕ್ಲಾಸಿಗೆ ಬಸ್ಕಿ, ಗೋಡೆ ತಳ್ಳುವುದು ಎಲ್ಲ ಸೇರಿಸಿದ್ದ.

ಕನಕಲಕ್ಷ್ಮಿ: ಅಲ್ಲಪ್ಪಾ, ಹಾಡು ಹಾಕ್ಕೊಂಡು ಕೈ ಬೀಸ್ಕೊಂಡು ಚೆನ್ನಾಗೇ ಇದ್ರಲ್ಲ. ನಡುವೆ ಈ ಬಸ್ಕಿ ಯಾಕೆ ತಂದೆ?

ಕುಮಾರ್: ಕೈ ಬೀಸಿದ್ರೆ ನೊಣ ಹೋಗ್ತವೆ ಅಮ್ಮ, ಮಂಡಿ ನೋವು ಹೋಗಲ್ಲ. ತೊಡೆಗೆ ಶಕ್ತಿ ಬಂದ್ರೆ ತಾನೇ ಸ್ವಾಮಿಗಳು ಮಣೆಯಿಂದ ಏಳೋದು? ಮೆಷಿನ್ ಬೇಡ, ಡಂಬಲ್ಸ್ ಬೇಡ. ಅವರವರ ಮೈಭಾರಾನೇ ಸಾಕು.

ಕನಕಲಕ್ಷ್ಮಿ: ಅದಕ್ಕೆ ನಮ್ಮನೇಲಿ ಕೊರತೆ ಇಲ್ಲ.

ಯೋಗಾನರಸಿಂಹ: ಸ್ಕೂಲಲ್ಲಿ ಮಗ್ಗಿ ತಪ್ಪಿದ್ದಕ್ಕೆ ಹೊಡೆದಿದ್ದು ಬಿಟ್ರೆ ಬಸ್ಕಿ ಕಡೆ ತಲೆ ಹಾಕಿದೋನಲ್ಲ ನಾನು. ಈ ವಯಸ್ಸಲ್ಲಿ, ತಪ್ಪಿಲ್ಲದೆ, ಮನಸ್ಸಿಟ್ಟು ಹೊಡೆದಿದೀನಿ. ಇಬ್ಬರೂ ಸೇರ್ಕೊಂಡು ಬೈತೀರಿ.

ಕನಕಲಕ್ಷ್ಮಿ: ಶ್! ಗೌಡ್ರು ಬಂದ್ರು.

ವ್ಯಾಯಾಮದ ಹದಿನೆಂಟು ಜನರಲ್ಲಿ ಒಬ್ಬರಾದ ನಂಜಪ್ಪ, ಪುರೋಹಿತರನ್ನು ಕರೆದೊಯ್ಯಲು ಬೀದಿಯಲ್ಲಿ ಬರುತ್ತಿದ್ದರು. ಎರಡು ಬೀದಿಯಾಚೆ ಹೋಗುವುದಕ್ಕೂ ಸ್ಕೂಟರ್ ಹತ್ತುವ ಆಸಾಮಿ ಇವತ್ತು ಕಾಲ್ನಡಿಗೆ. ಮೆಟ್ಟಿಲಿನ ಹತ್ತಿರ ಬಂದು ನಿಂತರು. ಮೆಟ್ಟಿಲನ್ನು ನೋಡಿದರು. ಆಮೇಲೆ ಅಡ್ಡಡ್ಡ ತಿರುಗಿ, ಒಂದೊಂದೇ ಮೆಟ್ಟಿಲಿಗೆ ಎರಡೆರಡು ಪಾದ ಇಟ್ಟು ಹತ್ತಿದರು. ಯೋಗಾನರಸಿಂಹ ಕಂಬ ಬಿಟ್ಟು ಎದೆಯುಬ್ಬಿಸಿದರು.

ನಂಜಪ್ಪ: ನಮಸ್ಕಾರ ಸಾಮಿ. ಎಂಗಿದೀರಿ?

ಯೋಗಾನರಸಿಂಹ: ಬನ್ನಿ ಗೌಡ್ರೇ. ನನಗೇನು, ಗುಂಡುಕಲ್ಲು ಇದ್ದ ಹಾಗಿದೀನಿ. ನೀವು?

ನಂಜಪ್ಪ: ನಂಗೇನಾಯ್ತದೆ ಸಾಮಿ? ನಲವತ್ತೊರ್ಸ ಬ್ಯಸಾಯ ಮಾಡ್ಸಿದ ಮೈ ಇದು. ನೂರೆಂಟ್ ಬಸ್ಕಿ ಯಾವ್ ಲೆಕ್ಕ.

ಕನಕಲಕ್ಷ್ಮಿ: ಮಾಡಿಸಿದ್ದು ತಾನೇ ಗೌಡ್ರೇ? ಮಾಡಿದ್ದಲ್ವಲ್ಲ.

ನಂಜಪ್ಪ: ಗದ್ದೆ ಬದೀನಾಗೆ ನಿಂತ್ಕಂಡು ಮಾಡ್ಸಾದೂ ಕಷ್ಟಾನೇ ಕಣಮ್ಮ.

ಯೋಗಾನರಸಿಂಹ: ನಿಂತೇ ಇದೀರಲ್ಲ, ಕೂತ್ಕೊಳ್ಳಿ. ಕನಕ, ಕುರ್ಚಿ ಕೊಡು.

ನಂಜಪ್ಪ: ಚೆ ಚೆ, ಐನೋರ್ ನಿಂತಿರುವಾಗ ನಾನ್ ಕೂತ್ರೆ ಜನ ಉಗಿಯಲ್ವಾ? ನೀವ್ ಮೊದ್ಲು ಕೂತ್ಕಳಿ.

ಯೋಗಾನರಸಿಂಹ: ಮನೆಗೆ ಬಂದೋರು ನೀವು.

ನಂಜಪ್ಪ: ದೊಡ್ಡೋರು ನೀವು.

ಯೋಗಾನರಸಿಂಹ: ನಾನು ಮಡೀಲಿದೀನಿ. ಕುರ್ಚಿ ಮುಟ್ಟೋ ಹಾಗಿಲ್ಲ.

ಕನಕಲಕ್ಷ್ಮಿ: ಅದಕ್ಕೇನಂತೆ, ಮಣೆ ತರ್ತೀನಿ.

ಯೋಗಾನರಸಿಂಹ: ನಿನ್ನ ಯಾರು ಕೇಳಿದ್ರೇ?

ಕನಕಲಕ್ಷ್ಮಿ ಒಳಗೆ ಹೋಗಿ ಒಂದಲ್ಲ, ಎರಡು ಮಣೆ ತಂದು ಅಕ್ಕಪಕ್ಕ ಹಾಕಿದರು. ಈ ಹೆಂಗಸಿಗೆ ಕೆಲವೊಮ್ಮೆ ಕರುಣೆ ಎಂಬುದೇ ಇರುವುದಿಲ್ಲ. ಇಬ್ಬರು ಗಂಡಸರೂ ಮಣೆಗಳನ್ನು ನೋಡಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಳೆ ಈ ಸಲ ಹೇಗೆ ಎಂದು ಯೋಗಾನರಸಿಂಹ ಕೇಳಿದರು. ಪರವಾಗಿಲ್ಲ, ಗೊರೂರು ಡ್ಯಾಮಿಗೆ ನೀರು ಬರ್ತಾ ಇದೆ ಎಂದು ನಂಜಪ್ಪ ಹೇಳಿದರು. ಯಾರೂ ಕೂರಲಿಲ್ಲ.

ಕುಮಾರ್: ಸುಮ್ನೆ ಯಾಕೆ ಸ್ವಾಮಿ, ಗೌಡ್ರೇ? ಇಬ್ರಿಗೂ ತೊಡೆ ಹಿಡ್ಕೊಂಡದೆ.

ಇಬ್ಬರೂ ಒಟ್ಟಿಗೆ: ನಂಗಿಲ್ಲ!

ಕುಮಾರ್: ಹಂಗಾದ್ರೆ ಕೂತ್ಕೊಳ್ಳಿ.

ನಂಜಪ್ಪ: ಕೂರ್ತೀನಿ ಕಣ್ಲಾ, ಅರ್ಜೆಂಟೇನದೆ?

ಕುಮಾರ್: ಕೇಳಿ. ಹಿಂಗೆ ಮೈ ಹಿಡ್ಕೊಂಡಾಗ ಅಲ್ಲಾಡದೆ ನಿಂತ್ರೆ ಇನ್ನೂ ಬಿಗೀತದೆ. ಅರ್ಧಂಬರ್ಧ ಬಗ್ಗಿ, ನಿಧಾನಕ್ಕೆ ಒಂದು ಹತ್ತು ಬಸ್ಕಿ ಹೊಡೀರಿ. ಸಡಿಲ ಆಗ್ತದೆ.

ನಂಜಪ್ಪ: ಇನ್ನೂ ಬಸ್ಕಿಯಾ? ಲೇ ಕುಮಾರ, ನಿಂಗ್ ನಮ್ಮೇಲೆ ಏನ್ಲಾ ದ್ವೇಸ?

ಕುಮಾರ್: ಹತ್ತೇ ಹತ್ತು. ಅಮ್ಮ ಎಣಿಸ್ತಾರೆ.

ಯೋಗಾನರಸಿಂಹ: ಹತ್ತು ಅಂದ್ರೆ ದಶಾವತಾರ ಹೇಳಬಹುದಲ್ಲಯ್ಯ. ಸರಿಯಾಗಿ ಹತ್ತೇ ಇದೆ.

ಕುಮಾರ್ ನೆಲದಿಂದ ಎದ್ದು ಪುರೋಹಿತರ ಎದುರಿಗೆ ಬಂದು ನಿಂತ.

ಕುಮಾರ್: ಸ್ವಾಮೀ... ಇದು ನಿನ್ನೆ ಯಾಕೆ ಹೊಳೀಲಿಲ್ಲ?

ಯೋಗಾನರಸಿಂಹ: ಹೊಳೀಲಿಲ್ಲ. ಏನೀಗ?

ಕನಕಲಕ್ಷ್ಮಿ: ಮೂವತ್ತೆಂಟು ವರ್ಷದ ಪುರೋಹಿತರು! ದಶಾವತಾರ ಮರೆತು ಹದಿನೆಂಟು ಜನರ ಕಾಲು ಮುರಿದಿದೀರಿ!

ನಂಜಪ್ಪ: ನಂಗಂತೂ ಮುರಿದಿಲ್ಲಪ್ಪ.

ಕೊನೆಗೆ ಇಬ್ಬರೂ ಆಚೆಗೊಂದು ಈಚೆಗೊಂದು ಕಂಬ ಹಿಡಿದು ನಿಂತರು. ಪುರೋಹಿತರು ಗಂಟಲು ಸರಿಮಾಡಿಕೊಂಡರು. ಎದುರು ಮನೆಯ ಸಣ್ಣಕ್ಕ ರಂಗೋಲಿ ಅರ್ಧಕ್ಕೆ ಬಿಟ್ಟು ನೋಡುತ್ತ ನಿಂತಳು.

ಯೋಗಾನರಸಿಂಹ: ಮತ್ಸ್ಯಾಯ ನಮಃ... ಅಮ್ಮಾ!

ನಂಜಪ್ಪ: ಅವ್ವಾ!

ಕನಕಲಕ್ಷ್ಮಿ: ಏನೂ ಆಗಿಲ್ಲ ಅಂದ್ರಲ್ಲ ಇಬ್ರೂ?

ಯೋಗಾನರಸಿಂಹ: ಭಕ್ತಿ ಕಣೇ ಅದು. ಕೂರ್ಮಾಯ ನಮಃ... ವರಾಹಾಯ ನಮಃ...

ಕುಮಾರ್: ಹಂಗೇ, ಹಂಗೇ. ಹಿಮ್ಮಡಿ ಮೇಲೆ ಭಾರ ಹಾಕಿ.

ಯೋಗಾನರಸಿಂಹ: ನರಸಿಂಹಾಯ ನಮಃ... ವಾಮನಾಯ ನಮಃ...

ನಂಜಪ್ಪ: ಸಾಮಿ, ವಾಮನ ಅಂದ್ರೆ ಕುಳ್ಳ ಅಲ್ವಾ? ಇಲ್ಲೇ ಬಗ್ಗಿಕೊಂಡು ಇದ್ಬುಡ್ಲಾ?

ಕುಮಾರ್: ಏಳಿ ಗೌಡ್ರೇ, ಏಳಿ!

ಹಾಗೂ ಹೀಗೂ ಪರಶುರಾಮ, ರಾಮ, ಕೃಷ್ಣ ಎಲ್ಲ ಆಯಿತು. ಬುದ್ಧನೂ ಆದ.

ನಂಜಪ್ಪ: ಮುಗೀತು, ಸಾಕು. ಕಲ್ಕಿ ಇನ್ನೂ ಬಂದೇ ಇಲ್ವಲ್ಲ ಸಾಮಿ. ಬಂದಾಗ ಒಡುದ್ರಾಯ್ತು.

ಆದರೆ ಯೋಗಾನರಸಿಂಹ ಕಲ್ಕಿಯನ್ನೂ ಬಿಡಲಿಲ್ಲ. ಹತ್ತನೆಯದಕ್ಕೆ ಅವರಿಗೇ ಆಶ್ಚರ್ಯವಾಗುವ ಹಾಗೆ ಕಾಲು ಹಗುರಾಗಿತ್ತು. ನೋವು ಇತ್ತು, ಬಿಗಿ ಇರಲಿಲ್ಲ.

ಕುಮಾರ್: ಈಗ ಮಣೆ ಮೇಲೆ ಕೂತ್ಕೊಳ್ಳಿ ಸ್ವಾಮಿ. ಯೋಚನೆ ಮಾಡಬೇಡಿ. ಮೂರು ವಾರದಿಂದ ದಿನಾ ಹತ್ತತ್ತು ಹೊಡೆದಿದೀರಿ, ಅದು ಎಲ್ಲೂ ಹೋಗಿಲ್ಲ.

ಯೋಗಾನರಸಿಂಹ ಕೂತರು. ಕೂರುವುದೇನೋ ಆಯಿತು. ಕನಕಲಕ್ಷ್ಮಿ ಅಭ್ಯಾಸಬಲದಿಂದ ಎಡಗಡೆ ರಟ್ಟೆಗೆ ಕೈ ಹಾಕಲು ಬಂದರು. ಕುಮಾರ್ ತಡೆದ.

ಕುಮಾರ್: ಬೇಡಿ ಅಮ್ಮ, ಬಿಡಿ. ಸ್ವಾಮಿ, ಒಂದು ಮಂಡಿ ಊರಿ, ಇನ್ನೊಂದು ಪಾದ ಮುಂದಕ್ಕೆ ಇಡಿ. ನೆಲ ನೋಡಬೇಡಿ, ಎದುರಿಗೆ ನೋಡಿ. ಹಿಮ್ಮಡಿ ಒತ್ತಿ... ಏಳಿ!

ಎದುರಿಗೆ ಸಣ್ಣಕ್ಕ ನಿಂತಿದ್ದಳು. ಯೋಗಾನರಸಿಂಹ ಅವಳನ್ನೇ ದುರುಗುಟ್ಟಿ ನೋಡಿಕೊಂಡು, ಹಲ್ಲು ಕಚ್ಚಿ, ಎದ್ದು ನಿಂತರು. ಕೈ ಎಲ್ಲೂ ಊರಿರಲಿಲ್ಲ. ಸಣ್ಣಕ್ಕ ಹೆದರಿ ಒಳಗೆ ಹೋದಳು.

ಕನಕಲಕ್ಷ್ಮಿ: ರೀ... ಎದ್ರಿ!

ಯೋಗಾನರಸಿಂಹ: ಎದ್ದೆ ಕಣೇ.

ಕನಕಲಕ್ಷ್ಮಿ: ಯಾರೂ ಹಿಡ್ಕೊಳ್ಳಲಿಲ್ಲ.

ಯೋಗಾನರಸಿಂಹ: ಯಾರೂ ಹಿಡ್ಕೊಳ್ಳಲಿಲ್ಲ. ಇರು, ಇನ್ನೊಂದ್ಸಲ.

ಇನ್ನೊಂದು ಸಲ ಕೂತು ಎದ್ದರು. ಕನಕಲಕ್ಷ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡು, ಒಲೆಯ ಹೊಗೆ ಎಂದರು. ಆ ಮನೆಗೆ ಗ್ಯಾಸ್ ಬಂದು ಹದಿನಾಲ್ಕು ವರ್ಷವಾಗಿತ್ತು. ಕುಮಾರ್ ಖುಷಿ ತಡೆಯಲಾರದೆ ಸೀಟಿ ಊದಿದ. ನಂಜಪ್ಪನವರ ಮುಖ ಮಾತ್ರ ಯಾಕೋ ಸಪ್ಪಗಾಯಿತು.

ನಂಜಪ್ಪ: ಅಲ್ಲ ಸಾಮಿ... ಪೂರ್ತಿ ಸರಿಹೋಗ್ಬುಡ್ತಾ?

ಯೋಗಾನರಸಿಂಹ: ನಿಮ್ಮ ಕಣ್ಣೆದುರಿಗೇ ಎದ್ದೆನಲ್ಲ ಗೌಡ್ರೇ! ನಿಮ್ಮ ಮನೆಯೋರಿಗೆ ಹೇಳಿ, ಇನ್ನು ಆಳು ಬೇಡ ಅಂತ.

ನಂಜಪ್ಪ: ಎಲ್ಲಾದ್ರೂ ಚೂರುಪಾರು ನೋವು ಉಳ್ಕಂಡಿರ್ಬೇಕಲ್ಲ? ಚೆನ್ನಾಗ್ ನೋಡ್ಕಳಿ.

ಯೋಗಾನರಸಿಂಹ: ಯಾಕೆ? ನಾನು ಏಳಬಾರದು ಅಂತ ಆಸೆಯೇನು? ಕೇದಾರ್‌ನ ಕರೆಸೋಕೆ ನೆಪ ಹುಡುಕ್ತಿದೀರಾ?

ನಂಜಪ್ಪ: ಅಯ್ಯೋ, ಕರೆಸಿದ್ದು ನಿಜ ಸಾಮಿ. ನಿಮ್ ಕೈಲಾಗ್ದಿದ್ರೆ ಇರ್ಲಿ ಅಂತ ನಮ್ಮೆಂಗಸ್ರು ಅವ್ರಿಗೂ ಏಳಿಟ್ಟಿದ್ಲು. ಬೆಳಗಾನೆ ಎದ್ದು ನಾನೇ ಫೋನ್ ಮಾಡಿ, ಬರಬ್ಯಾಡಿ ಕಣ್ರೀ, ನಮ್ ಐನೋರೇ ಸಾಕು ಅಂದ್ಬುಟ್ಟೆ.

ಯೋಗಾನರಸಿಂಹ: ನೀವಾಗಿ ನೀವೇ? ಕೇಳಿಸ್ತೇನೇ ಕನಕ? ಗೌಡ್ರೇ, ನನ್ನ ಮೇಲೆ ಇಷ್ಟು ವಿಶ್ವಾಸ ಇಟ್ಟಿದೀರಿ ಅಂತ ಗೊತ್ತಿರಲಿಲ್ಲ.

ನಂಜಪ್ಪ: ವಿಶ್ವಾಸ ಅಲ್ಲ ಸಾಮಿ. ತೊಡೆ.

ಯೋಗಾನರಸಿಂಹ: ಏನು?

ನಂಜಪ್ಪ: ನಿಜ ಏಳ್ಬುಡ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ಆ ಕೇದಾರ್ ಅವ್ರು ವಯಸ್ನೋರು, ಎರಡೂವರೆ ಗಂಟೆ ಬಿಡದಂಗೆ ಕೂರುಸ್ತಾರೆ. ನೀವು ಮಂಡಿ ಕೆಟ್ಟ ಮ್ಯಾಲೆ ಮುಕ್ಕಾಲು ಗಂಟೇಲಿ ಐದು ಅಧ್ಯಾಯಾನೂ ಮುಗುಸ್ಬುಡ್ತಿದ್ರಿ. ಇವತ್ತಂತೂ ನಿಮ್ ಸ್ಥಿತಿ ನಂಗಿಂತ ಕೆಟ್ಟೋಗಿರ್ತದೆ, ಅರ್ಧ ಗಂಟೇಲಿ ಮಂಗಳಾರತಿ ಆಯ್ತದೆ ಅಂತ ದೇವ್ರಿಗೆ ಕೈ ಮುಗುದು ಬಂದೆ. ಈ ಕುಮಾರ ನಿಮ್ಮುನ್ ನೆಟ್ಟಗ್ ಮಾಡ್ಬುಟ್ಟ!

ಯೋಗಾನರಸಿಂಹ ನೆಟ್ಟಗೆ ನಿಂತರು. ಕಂಬ ಹಿಡಿಯದೆ ನಿಂತರು. ಆರು ತಿಂಗಳು ಊರವರು ಹಿಂದಿನಿಂದ ನಕ್ಕಿದ್ದನ್ನು ಸಹಿಸಿದ್ದರು. ಮುಂದಿನಿಂದ ಮೆಚ್ಚಿಕೊಂಡ ಈ ಬಗೆಯನ್ನು ಸಹಿಸಲಾಗಲಿಲ್ಲ.

ಯೋಗಾನರಸಿಂಹ: ಕನಕ, ಪೂಜೆ ಪುಸ್ತಕ ಕೊಡು.

ಕನಕಲಕ್ಷ್ಮಿ: ಚೀಲದಲ್ಲೇ ಇದೆಯಲ್ಲ.

ಯೋಗಾನರಸಿಂಹ: ಇದು ಚಿಕ್ಕದು. ದೊಡ್ಡದು ಅಟ್ಟದ ಮೇಲಿದೆ, ಇಳಿಸು.

ನಂಜಪ್ಪ: ಸಾಮಿ, ಚಿಕ್ಕದ್ರಲ್ಲೂ ದೇವ್ರೇ ಅವ್ನೆ ಅಲ್ವಾ?

ಯೋಗಾನರಸಿಂಹ: ಅರ್ಧ ಗಂಟೆ ಪೂಜೆಯಂತೆ! ಗೌಡ್ರೇ, ಇವತ್ತು ಸಂಕಲ್ಪದಿಂದ ಹಿಡಿದು ಒಂದಕ್ಷರ ಬಿಡಲ್ಲ. ನವಗ್ರಹ ಒಬ್ಬೊಬ್ಬರನ್ನೂ ಬಿಡಿಬಿಡಿಯಾಗಿ ಕರೆದು ಕೂರಿಸ್ತೀನಿ. ಕುಮಾರ, ಬೆಳಿಗ್ಗೆ ತಪ್ಪಿಸ್ಕೊಂಡ ಕ್ಲಾಸಿನೋರನ್ನೆಲ್ಲ ಸಂಜೆ ನಾನೇ ಹೋಗಿ ಕರ್ಕೊಂಡು ಬರ್ತೀನಿ, ಚಾಪೆ ಸುತ್ತಬೇಡ.

ದೊಡ್ಡ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು, ಪುರೋಹಿತರು ಜಗಲಿಯ ಮೆಟ್ಟಿಲನ್ನು ನೆಟ್ಟಗೆ ಮುಂದಕ್ಕೆ ಮುಖ ಮಾಡಿಕೊಂಡು ಇಳಿದು, ಬೀದಿಯ ತಿರುವಿನಲ್ಲಿ ಮರೆಯಾದರು. ನಂಜಪ್ಪ ಮೇಲೇ ಉಳಿದರು. ಒಂದು ಕಾಲನ್ನು ಮೆಟ್ಟಿಲ ಕಡೆ ಚಾಚಿದರು, ಹಿಂದಕ್ಕೆ ಎಳೆದುಕೊಂಡರು. ಕುಮಾರ್ ಹೆಗಲು ಕೊಟ್ಟ.

ನಂಜಪ್ಪ: ಅಮ್ಮಾವ್ರೆ, ನೀವಾದ್ರೂ ಒಂದ್ ಮಾತು ಏಳ್ಬಾರ್ದಾ? ಅವ್ರು ಓಯ್ತಾ ಇರೋ ವೇಗ ನೋಡುದ್ರೆ ಮೂರ್ ಗಂಟೆ ಆದ್ರೂ ಬುಡಾಂಗ್ ಕಾಣಲ್ಲ. ನಾನೇನ್ ಮಾಡ್ಲಿ ಈಗ?

ಕನಕಲಕ್ಷ್ಮಿ: ಬೇಗ ಹೊರಡಿ ಗೌಡ್ರೇ, ಹೊತ್ತಾಯ್ತು. ಪೂಜೆಯ ಯಜಮಾನರು ನೀವು. ಮಣೆ ಮೇಲೆ ಎಲ್ಲರಿಗಿಂತ ಮುಂಚೆ ಕೂರಬೇಕಾದೋರು ನೀವೇ, ಎಲ್ಲರೂ ಎದ್ದ ಮೇಲೆ ಏಳಬೇಕಾದೋರೂ ನೀವೇ.